ಇಪ್ಪತ್ತೊಂದೋ, ಏಕವೀಸೋ?

ಜೂನ್ ತಿಂಗಳಲ್ಲಿ ಶಾಲೆ ತೆರೆದು ಮಳೆಯೂ ಹಿಡಿದ ಮೇಲೆ ಮಕ್ಕಳ ಪುಸ್ತಕಗಳಿಗೆ ಹೊದಿಕೆ ಹಾಕುವ ಕೆಲಸ ಪ್ರತಿವರ್ಷ ನಮ್ಮ ಪಾಲಿಗೆ ಬರುತ್ತದೆ. ಹಾಕುವಾಗ ಓದಿಯೂ ನೋಡುವುದು ನಮ್ಮ ಹಳೆಯ ಚಟ. ಎರಡನೇ ಇಯತ್ತೆಯ ಮಗು ಈ ಸತ್ರದಲ್ಲಿ ಕಲಿಯಬೇಕಾದ ದೊಡ್ಡ ಸಂಗತಿಯೆಂದರೆ ನೂರರೊಳಗಿನ ಸಂಖ್ಯೆಗಳು. ಇದರಲ್ಲಿ ವಿಮರ್ಶೆ ಮಾಡುವಂಥದ್ದೇನಿದೆ ಎಂದು ಓದುಗರು ನಗಬಹುದು. ಆದರೆ ೨೦೧೯ರಲ್ಲಿ ಇದೇ ಪಾಠ ಮಹಾರಾಷ್ಟ್ರದ ವಿಧಾನಸಭೆಯವರೆಗೂ ಹೋಗಿತ್ತು.

ಆ ವರ್ಷ ಬಾಲಭಾರತಿಯ ಎರಡನೇ ಇಯತ್ತೆಯ ಮರಾಠಿ ಗಣಿತ ಪುಸ್ತಕದಲ್ಲಿ ‘ಏಕವೀಸ್’ ಜೊತೆಗೆ ‘ವೀಸ್ ಏಕ್’ ಎಂಬ ಹೊಸ ಹೆಸರೂ ಬಂತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದವರು ೨೦೨೩ರಲ್ಲಿ ತೀರಿಕೊಂಡ ಡಾ. ಮಂಗಲಾ ನಾರಳೀಕರ್. ಮರಾಠಿ ಮಗು ಬಿಡಿಯನ್ನು ಮೊದಲು ಕೇಳುತ್ತದೆ, ಹತ್ತನ್ನು ಮೊದಲು ಬರೆಯಬೇಕು. ಸಾಲದ್ದಕ್ಕೆ ‘ತ್ರ್ಯಾಹತ್ತರ್’, ‘ಸತ್ಯಾಹತ್ತರ್’ಗಳ ಒತ್ತಕ್ಷರಗಳ ಕಾಟ. ಇಂಗ್ಲಿಷಿನಲ್ಲಿ, ಕನ್ನಡವೂ ಸೇರಿದಂತೆ ದಕ್ಷಿಣದ ಭಾಷೆಗಳಲ್ಲಿ ಈ ತೊಡಕಿಲ್ಲವಲ್ಲ ಎಂಬುದು ಅವರ ವಾದವಾಗಿತ್ತು. ಶಾಸಕರು ಗೇಲಿ ಮಾಡಿದರು, ಭಾಷೆ ಕೆಟ್ಟಿತೆಂದು ಗುಲ್ಲೆದ್ದಿತು. ಪುಸ್ತಕ ಹಳೆಯ ಹೆಸರನ್ನು ತೆಗೆದುಹಾಕಿರಲಿಲ್ಲ ಎಂಬುದನ್ನು ಗಮನಿಸಿದವರು ಕಡಿಮೆ.

ತೊಡಕು ಸುಳ್ಳಲ್ಲ. ಬಿ.ಎಸ್ಸಿ. ಮುಗಿಸಿ, ಅಂಕಿಗಳೊಡನೆಯೇ ಸಂಸಾರ ಮಾಡುತ್ತಿರುವ ಗುಮಾಸ್ತರು ನಾವು. ಹಾಗಿದ್ದೂ ಕಚೇರಿಯಲ್ಲಿ ತಾಳೆ ನೋಡುವಾಗ ಮರಾಠಿ ಗೆಳೆಯರು ‘ತ್ರೇಸಷ್ಟ’ ಎಂದು ಓದಿದರೆ ನಮ್ಮ ಪೆನ್ನು ೩೬ರ ಕಡೆಗೇ ಹೊರಳುತ್ತದೆ. ಏಳು ವರ್ಷದ ಕೂಸು ‘ತ್ರೇಪನ್ನ’ ಕೇಳಿ ೩೫ ಬರೆದರೆ ಕಿವಿ ಹಿಂಡುವ ಅಧಿಕಾರ ನಮಗೆಲ್ಲಿದೆ? ಇನ್ನು ‘ಏಕೋಣೀಸ್’ ಎಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಅಲ್ಲಿ ಮಗು ಎಣಿಸುವ ಮೊದಲೇ ಕಳೆಯಬೇಕು!

ಆದರೂ ಪಾಠದ ಬಗ್ಗೆ ನಮಗೊಂದು ಆಕ್ಷೇಪವಿದೆ. ಮಾತು ಬಜಾರಿನದು. ದಾದರಿನ ಕಾಯಿಪಲ್ಯದವಳು ‘ಸಾಠ್ ತೀನ್’ ಎನ್ನುವುದಿಲ್ಲ. ನಾರ್ವೆ ದೇಶದಲ್ಲಿ ೧೯೫೧ರಲ್ಲಿ ಇದೇ ಬದಲಾವಣೆಯನ್ನು ಅಧಿಕೃತವಾಗಿ ತಂದರು. ದೂರವಾಣಿ ಸಂಖ್ಯೆ ಹೇಳುವಾಗಿನ ಗೊಂದಲವೂ ಅದಕ್ಕೊಂದು ಕಾರಣ. ಸಂಸತ್ತೇ ನಿಂತು ಮಾಡಿದರೂ ಹಳೆಯ ಎಣಿಕೆ ಅಲ್ಲಿನ್ನೂ ಪೂರ್ತಿ ಅಳಿದಿಲ್ಲ. ಹಾಗಿರುವಾಗ ಎರಡನೇ ಇಯತ್ತೆಯ ಒಂದು ಪುಸ್ತಕ ಎಷ್ಟು ಭಾರ ಹೊತ್ತೀತು? ‘ವೀಸ್ ಏಕ್’ ಅಂಕಿ ಬರೆಯಲು ಒಂದು ಊರುಗೋಲು ಎಂದಷ್ಟೇ ಹೇಳಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಈಗ ನಮ್ಮ ಮನೆಗೆ ಬರೋಣ. ಪಂಡಿತರು ಬೇಡಿಕೊಂಡ ಆ ಸುಲಭ ಎಣಿಕೆ ನಮಗೆ ಹುಟ್ಟಿನಿಂದಲೇ ಬಂದಿದೆ. ಹನ್ನೊಂದರಿಂದ ಹತ್ತೊಂಬತ್ತರವರೆಗೆ ಸ್ವಲ್ಪ ಮೊಂಡಾಟ. ಅದು ದಾಟಿದರೆ ಇಪ್ಪತ್ತೊಂದು, ಮೂವತ್ತೆರಡು ಎಂದು ದಾರಿ ನೆಟ್ಟಗೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಆದರೆ ನಮ್ಮಲ್ಲಿ ಬಹುಪಾಲು ಜನ, ನಾವೂ ಸೇರಿ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದವರೇ. ೨೦೨೦ರ ಕಾಯ್ದೆಯಿಂದ ಮರಾಠಿ ಅಲ್ಲಿಯೂ ಕಡ್ಡಾಯವಾಯಿತು. ಆಗಲಿ, ಈ ಊರಿನ ಅನ್ನ ತಿನ್ನುವವರಿಗೆ ಅದು ಬೇಕಾದದ್ದೇ. ಕನ್ನಡದ ಎಣಿಕೆಗೆ ಮಾತ್ರ ಶಾಲೆಯಲ್ಲಿ ಜಾಗವಿಲ್ಲ, ಮನೆಯಲ್ಲಿ ಪುರುಸೊತ್ತಿಲ್ಲ.

ಮೊನ್ನೆ ಊರಿನಿಂದ ಬಂದ ನಮ್ಮ ತಾಯಿ ಮೊಮ್ಮಗಳ ಕೈಗೆ ಚಿಲ್ಲರೆ ಡಬ್ಬಿ ಕೊಟ್ಟು, “ಹಾಲಿನವಗ ಐವತ್ಮೂರು ರೂಪಾಯಿ ಎಣಿಸಿ ಕೊಡವಾ” ಎಂದರು. ಮಗು ನಮ್ಮ ಮುಖ ನೋಡಿತು. “ಅಪ್ಪಾ, ಅಂದ್ರ ಫಿಫ್ಟಿ ಥ್ರೀ ಏನು?” ಎಂದು ಕೇಳಿತು. ಅಜ್ಜಿ ಏನೂ ಅನ್ನಲಿಲ್ಲ. ಡಬ್ಬಿ ಇಸಿದುಕೊಂಡು ತಾವೇ ಎಣಿಸಿ ಕೊಟ್ಟರು. ಅಂದಿನಿಂದ ಲೆಕ್ಕದ ಮಾತು ಬಂದಾಗಲೆಲ್ಲ ಅವರು ಮೊಮ್ಮಗಳನ್ನು ಬಿಟ್ಟು ನಮ್ಮನ್ನೇ ಕರೆಯುತ್ತಾರೆ.

ಕಳೆದ ಭಾನುವಾರ ನಮ್ಮ ಕಟ್ಟಡದ ನಾಲ್ಕೈದು ಕನ್ನಡ ಮನೆಗಳ ಮಕ್ಕಳನ್ನು ಕೂಡಿಸಿ ಹೌಸಿ ಆಡಿಸಿದೆವು. ಸಂಖ್ಯೆ ಕೂಗಿದವರು ಅಜ್ಜಿ, ಕೂಗಿದ್ದು ಕನ್ನಡದಲ್ಲಿ. ಮೊದಲ ಆಟವೆಲ್ಲ ಇಪ್ಪತ್ತು ಯಾವುದು, ಎಪ್ಪತ್ತು ಯಾವುದು ಎಂಬ ಕಿರುಚಾಟದಲ್ಲೇ ಮುಗಿಯಿತು. ಮೂರನೆಯ ಆಟಕ್ಕೆ ತಪ್ಪಿದವರು ನಾವೊಬ್ಬರೇ. ಎಂಬತ್ತೊಂದಕ್ಕೆ ತೊಂಬತ್ತೊಂದೆಂದು ಚೀಟಿಯಲ್ಲಿ ಹುಡುಕುತ್ತ ಕುಳಿತಿದ್ದೆವು. ಹೌಸಿಯಲ್ಲಿ ತೊಂಬತ್ತರ ಮೇಲೆ ಸಂಖ್ಯೆಯೇ ಇಲ್ಲವೆಂದು ಮಗಳೇ ತಿದ್ದಿದಳು, ಕನ್ನಡದಲ್ಲಿ.