ಓಕ್ಲಹೋಮದ ಒಂದು ರಾಜ್ಯಾಂಗ ತಿದ್ದುಪಡಿ: ಪಾಠವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಓಕ್ಲಹೋಮದ ಮತದಾರರ ಮುಂದೆ 2010ರ ನವೆಂಬರ್ 2ರಂದು ಇಡಲ್ಪಟ್ಟ 755ನೆಯ ಪ್ರಶ್ನೆ ರಾಜಕೀಯ ವಿವಾದವಾಗಿ ಪ್ರಸಿದ್ಧವಾಗಿದೆ. ಅದನ್ನು ಶಾಸನಪಾಠವಾಗಿ ಓದುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಸಂಸ್ಥಾನದ ನ್ಯಾಯಾಲಯಗಳು ಅನ್ಯ ರಾಷ್ಟ್ರಗಳ ಅಥವಾ ಸಂಸ್ಕೃತಿಗಳ ನ್ಯಾಯಸೂತ್ರಗಳತ್ತ ನೋಡಕೂಡದು, ವಿಶೇಷವಾಗಿ ಅಂತರರಾಷ್ಟ್ರೀಯ ನ್ಯಾಯವನ್ನೂ ಷರಿಯಾವನ್ನೂ ಪರಿಗಣಿಸಕೂಡದು ಎಂಬುದು ಅದರ ತಿರುಳು. ಮತವಿತ್ತವರಲ್ಲಿ ಸುಮಾರು ಶೇಕಡಾ 70 ಮಂದಿ ಇದನ್ನು ಅನುಮೋದಿಸಿದರು. ಆದರೆ ಈ ನಿಷೇಧಕ್ಕೆ ಮುಂಚೆ, ನ್ಯಾಯಾಲಯಗಳು ಅನುಸರಿಸತಕ್ಕ ಆಧಾರಗಳನ್ನು ಎಣಿಸುವಲ್ಲಿ, ಅದೇ ಪಾಠವು ಕಾಮನ್ ಲಾವನ್ನು ಸೇರಿಸುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ಬೆಳೆದು, ವಲಸೆಗಾರರೊಡನೆ ಕಡಲು ದಾಟಿ ಬಂದ ನ್ಯಾಯವದು. ಅನ್ಯ ರಾಷ್ಟ್ರದ ಸೂತ್ರಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಒಕ್ಕೂಟದ ರಾಜ್ಯಾಂಗವನ್ನು ಪಾಲಿಸಬೇಕೆಂದೂ ಅಲ್ಲಿಯೇ ವಿಧಿಸಿದೆ. ಆ ರಾಜ್ಯಾಂಗದ 6ನೆಯ ವಿಧಿಯಾದರೋ, ಅಂತರರಾಷ್ಟ್ರೀಯ ಕೌಲುಗಳನ್ನು ದೇಶದ ಪರಮೋಚ್ಚ ಶಾಸನವೆಂದು ಸಾರಿ ಸಂಸ್ಥಾನಗಳ ನ್ಯಾಯಾಧೀಶರನ್ನು ಅವಕ್ಕೆ ಬದ್ಧರನ್ನಾಗಿಸುತ್ತದೆ. ಓಕ್ಲಹೋಮವೆಂಬ ಹೆಸರೇ ಚೊಕ್ಟಾ ನುಡಿಯಿಂದ ಬಂದುದು. ಆ ಜನರೂ ಚೆರೊಕೀ ಜನರೂ ಅಲ್ಲಿ ಇಂದಿಗೂ ತಮ್ಮನ್ನು ರಾಷ್ಟ್ರವೆಂದೇ ಕರೆದುಕೊಳ್ಳುತ್ತಾರೆ. ಕರಡು ಬರೆದವರಿಗೆ ತಮ್ಮ ನಾಡಿನ ಚರಿತ್ರೆ ನೆನಪಿಗೆ ಬರಲಿಲ್ಲವೆಂದೇ ತೋರುತ್ತದೆ.

'ಪರಿಗಣಿಸು' ಎಂಬ ಪದದಲ್ಲಿ ದೊಡ್ಡ ದೋಷವಿದೆ. ವಾರನ್ ಹೇಸ್ಟಿಂಗ್ಸನ 1772ರ ಯೋಜನೆಯಂತೆ ಬಂಗಾಳದಲ್ಲಿ ವಿವಾಹ, ದಾಯಭಾಗ ಮುಂತಾದ ವ್ಯಾಜ್ಯಗಳಿಗೆ ಮುಸಲ್ಮಾನರಿಗೆ ಕುರಾನೂ ಹಿಂದೂಗಳಿಗೆ ಶಾಸ್ತ್ರವೂ ಆಧಾರವಾದುವು. ನ್ಯಾಯಾಲಯವೇ ಮತಧರ್ಮದ ವಿಧಿಯನ್ನು ಶಾಸನವಾಗಿ ಪ್ರಯೋಗಿಸಿತು. ಈ ಪರಂಪರೆಗೆ ಪರಿಚಿತರಾದ ನಾವು ಓಕ್ಲಹೋಮದಲ್ಲೂ ಅಂಥದೇ ಏರ್ಪಾಡಿತ್ತೆಂದು ಭಾವಿಸಬಾರದು. ಅಲ್ಲಿನ ನ್ಯಾಯಾಲಯವೊಂದು ಷರಿಯಾವನ್ನು ಪ್ರಯೋಗಿಸಿದ ಒಂದೇ ಒಂದು ನಿದರ್ಶನವನ್ನೂ ಸಂಸ್ಥಾನದ ಪರ ವಕೀಲರು ತೋರಿಸಲಾರದೆ ಹೋದರು. ತಿದ್ದುಪಡಿಯನ್ನು ಪ್ರಶ್ನಿಸಿದ ಮುನೀರ್ ಅವದ್ ಅವರ ಅಳಲು ಬೇರೆ ಬಗೆಯದು. ಅವರ ಮರಣಶಾಸನದಲ್ಲಿ ಇಸ್ಲಾಮೀ ವಿಧಿಗಳ ಉಲ್ಲೇಖವಿತ್ತು. ಬರೆದವನ ಇಚ್ಛೆಯೇನೆಂದು ತಿಳಿಯುವುದಕ್ಕಾದರೂ ನ್ಯಾಯಾಧೀಶನು ಆ ವಿಧಿಗಳನ್ನು ನೋಡಲೇಬೇಕು. ಬೈಬಲನ್ನು ಉಲ್ಲೇಖಿಸಿದ ಮರಣಶಾಸನಕ್ಕೆ ಹೆಸರಿಟ್ಟು ಒಡ್ಡಿದ ಇಂಥ ತಡೆಯಿಲ್ಲ.

ಒಕ್ಕೂಟದ 10ನೆಯ ಮಂಡಲದ ಮೇಲ್ಮನವಿ ನ್ಯಾಯಾಲಯವು 2012ರ ಜನವರಿಯಲ್ಲಿ ತಿದ್ದುಪಡಿಯ ಮೇಲಿನ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. 2013ರ ಆಗಸ್ಟಿನಲ್ಲಿ ಕೆಳಗಿನ ನ್ಯಾಯಾಲಯ ಅದನ್ನು ಶಾಶ್ವತಗೊಳಿಸಿತು. ಫಲದಲ್ಲಿ ತೀರ್ಪು ನಮಗೆ ಒಪ್ಪಿಗೆಯೇ. ಆದರೆ ಅದು ಒಂದು ಮತವನ್ನು ಹೆಸರಿಸಿ ಪ್ರತ್ಯೇಕಿಸಿದ ದೋಷವನ್ನು ಮುಖ್ಯವಾಗಿ ಹಿಡಿಯಿತು. ಹೆಸರನ್ನು ಬಿಟ್ಟು ಬರೆಯುವ ದಾರಿ ತೆರೆದೇ ಉಳಿಯಿತು. 2012ರಲ್ಲಿ ಕಾನ್ಸಾಸ್, 2013ರಲ್ಲಿ ಸ್ವತಃ ಓಕ್ಲಹೋಮ, ಯಾವ ಮತವನ್ನೂ ಹೆಸರಿಸದೆ ವಿದೇಶೀ ನ್ಯಾಯದ ಮೇಲೆ ಶಾಸನ ಮಾಡಿದುವು. ರಾಜ್ಯಾಂಗದತ್ತ ಹಕ್ಕುಗಳಿಗೆ ವಿರುದ್ಧವಾದ ವಿದೇಶೀ ನ್ಯಾಯವನ್ನು ಮಾನ್ಯ ಮಾಡಬಾರದೆಂಬುದು ಇವುಗಳ ಸಾರ. ಸಾರ್ವಜನಿಕ ನೀತಿಗೆ ವಿರೋಧವಾದುದನ್ನು ತಳ್ಳಿಹಾಕುವ ಅಧಿಕಾರ ನ್ಯಾಯಾಲಯಗಳಿಗೆ ಮೊದಲೇ ಇತ್ತಷ್ಟೆ! ಇನ್ನು, ವಿವಾಹದ ಕರಾರಿನಲ್ಲಿ ಮಹರನ್ನು ಬರೆಸಿಕೊಂಡ ಹೆಂಗಸಿನ ಹಣವನ್ನು ಕೊಡಲೊಲ್ಲದ ಗಂಡನಿಗೆ ಈ ಶಾಸನಗಳು ವಾದಿಸಲು ಒಂದು ಹೊಸ ನೆಪವನ್ನು ಒದಗಿಸಿವೆ.