ಒಂದು ಸಾಲಿನ ಅಗುಳಿ

ವರ್ಡ್‌ಪ್ರೆಸ್‌ನಲ್ಲಿ ಜಾಲತಾಣ ನಡೆಸುವವರ ನಡುವೆ ಒಂದು ಸಾಲು ಮಂತ್ರದಂತೆ ಕೈಯಿಂದ ಕೈಗೆ ದಾಟುತ್ತಿದೆ. 'ಎಕ್ಸ್‌ಎಂಎಲ್‌ಆರ್‌ಪಿಸಿ ಎನೇಬಲ್ಡ್' ಎಂಬ ಫಿಲ್ಟರ್ ಕೇಳುವ ಪ್ರಶ್ನೆಗೆ 'ಇಲ್ಲ' ಎಂದು ಉತ್ತರಿಸುವ ಸಾಲು ಅದು. ಥೀಮ್‌ನ ಫಂಕ್ಷನ್ಸ್ ಕಡತದ ಕೊನೆಗೆ ಅದನ್ನು ಅಂಟಿಸಿದರೆ ಹಳೆಯ ದೂರಸಂಪರ್ಕದ ಬಾಗಿಲು ಮುಚ್ಚಿತು, ಇನ್ನು ನಿಶ್ಚಿಂತೆ ಎನ್ನುತ್ತಾರೆ. ಇದೊಂದೇ ಸಾಲನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ಲಗಿನ್‌ಗಳೂ ಇವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸಾಲಿಗೆ ಸಂದಿರುವ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಅದು ಎರಡು ಕದದ ಬಾಗಿಲಿನ ಒಂದು ಕದವನ್ನಷ್ಟೇ ಮುಚ್ಚುತ್ತದೆ. ಇನ್ನೊಂದು ಕದ ತೆರೆದೇ ಇದೆ ಎಂಬುದು ಮನೆಯವರಿಗೆ ಕಾಣದಂತೆ ಮಾಡುತ್ತದೆ ಎಂಬುದು ಅದಕ್ಕಿಂತ ದೊಡ್ಡ ದೋಷ.

ಎಕ್ಸ್‌ಎಂಎಲ್‌ಆರ್‌ಪಿಸಿಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಿಲ್ಲ. 1998ರಲ್ಲಿ ಡೇವ್ ವೈನರ್ ಮತ್ತು ಮೈಕ್ರೋಸಾಫ್ಟ್‌ನ ಕೆಲವರು ಸೇರಿ ರೂಪಿಸಿದ ಸರಳ ಒಪ್ಪಂದ ಅದು: ಒಂದು ಯಂತ್ರ ಇನ್ನೊಂದು ಯಂತ್ರಕ್ಕೆ ಎಕ್ಸ್‌ಎಂಎಲ್ ಭಾಷೆಯಲ್ಲಿ ಕೆಲಸ ಹೇಳುವ ಬಗೆ. ಅದರ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಕರೆಂಟು ಮತ್ತು ಇಂಟರ್ನೆಟ್ ಎರಡನ್ನೂ ನೆಚ್ಚಿಕೊಳ್ಳಲಾಗದ ದಿನಗಳಲ್ಲಿ ವಿಂಡೋಸ್ ಲೈವ್ ರೈಟರ್‌ನಲ್ಲಿ ಬರಹವನ್ನು ಪೂರ್ತಿ ಬರೆದಿಟ್ಟುಕೊಂಡು, ಸಂಪರ್ಕ ಸಿಕ್ಕ ಎರಡು ನಿಮಿಷದಲ್ಲಿ ತಾಣಕ್ಕೆ ಏರಿಸಿಬಿಡಬಹುದಿತ್ತು. ಆ ಅನುಕೂಲ ಸಾಧ್ಯವಾದದ್ದು ಇದೇ ಹಿತ್ತಿಲ ಬಾಗಿಲಿನಿಂದ. ಆದರೆ ಒಂದು ಕಾಲದ ಅನುಕೂಲ ಇನ್ನೊಂದು ಕಾಲದಲ್ಲೂ ಮನೆಮನೆಯಲ್ಲಿ ತೆರೆದೇ ಇರಬೇಕೇ ಎಂಬುದು ಬೇರೆ ಪ್ರಶ್ನೆ.

ಈ ಪ್ರಶ್ನೆಗೆ ವರ್ಡ್‌ಪ್ರೆಸ್ ಒಮ್ಮೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. 2008ರ ಜುಲೈನಲ್ಲಿ ಬಂದ 2.6ನೇ ಆವೃತ್ತಿಯಲ್ಲಿ ಈ ಸೌಲಭ್ಯವನ್ನು ಆರಂಭದಲ್ಲಿ ಮುಚ್ಚಿಟ್ಟು, ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ತೆರೆದುಕೊಳ್ಳಲಿ ಎಂದಿತು. ವರ್ಡ್‌ಪ್ರೆಸ್‌ನ ಗುಣಗಾನ ಮಾಡುವವರು ಈ ನಿರ್ಧಾರವನ್ನು ನೆನೆಯುವುದೇ ಇಲ್ಲ. 2012ರ ಡಿಸೆಂಬರ್‌ನಲ್ಲಿ ಬಂದ 3.5ನೇ ಆವೃತ್ತಿ ಅದನ್ನು ತಿರುವುಮುರುವು ಮಾಡಿತು. ಬಾಗಿಲು ಎಲ್ಲರ ತಾಣದಲ್ಲೂ ತೆರೆಯಿತು, ಮುಚ್ಚುವ ಗುಂಡಿಯೇ ಸೆಟ್ಟಿಂಗ್ಸ್‌ನಿಂದ ಮಾಯವಾಯಿತು. ಮೊಬೈಲ್ ಆ್ಯಪ್‌ಗಳಿಗೆ ದಾರಿ ಸುಗಮವಾಗಲಿ ಎಂಬುದು ಕಾರಣ. ಮರುತಿಂಗಳೇ, 2013ರ ಜನವರಿಯಲ್ಲಿ, 3.5.1 ಬಿಡುಗಡೆ ಮಾಡಿ ಪಿಂಗ್‌ಬ್ಯಾಕ್ ಎಂಬ ಸೌಲಭ್ಯದ ಮೂಲಕ ಪರರ ಸರ್ವರ್‌ಗಳ ಪೋರ್ಟ್‌ಗಳನ್ನು ತಡಕಬಹುದಾಗಿದ್ದ ಲೋಪವನ್ನು ಮುಚ್ಚಬೇಕಾಯಿತು. ಅಷ್ಟಾದರೂ ಗುಂಡಿ ಮರಳಿ ಬರಲಿಲ್ಲ. ಅದರ ಜಾಗದಲ್ಲಿ ಉಳಿದದ್ದು ನಾನು ಹೇಳುತ್ತಿರುವ ಒಂದು ಸಾಲು.

ಈಗ ಆ ಸಾಲನ್ನು ಓದೋಣ. ಓದುವುದು ಎಂದರೆ ಅದರ ಹೆಸರನ್ನು ನಂಬುವುದಲ್ಲ, ಅದು ಉತ್ತರಿಸುವ ಫಿಲ್ಟರ್ ಮೂಲಸಂಕೇತದೊಳಗೆ ಎಲ್ಲಿ ಕೂತಿದೆ ಎಂದು ನೋಡುವುದು. ವರ್ಡ್‌ಪ್ರೆಸ್‌ನ ಮೂಲಸಂಕೇತ ಎಲ್ಲರಿಗೂ ತೆರೆದಿರುವ ಪಠ್ಯ. ಆ ಫಿಲ್ಟರ್‌ನ ತಲೆಯ ಮೇಲೆ ಬರೆದವರೇ ಒಂದು ಟಿಪ್ಪಣಿ ಇಟ್ಟಿದ್ದಾರೆ: ಹೆಸರು ಏನೇ ಸೂಚಿಸಲಿ, ಇದು ಎಕ್ಸ್‌ಎಂಎಲ್‌ಆರ್‌ಪಿಸಿಯನ್ನು ಪೂರ್ತಿ ನಿಲ್ಲಿಸುವುದಿಲ್ಲ, ಗುರುತು ಕೇಳುವ ಕೆಲಸಗಳನ್ನು ಮಾತ್ರ ನಿಲ್ಲಿಸುತ್ತದೆ ಎಂಬುದು ಅದರ ತಾತ್ಪರ್ಯ. ಹೆಸರು ಒಂದು, ಕೆಲಸ ಒಂದು ಎಂದು ಕರ್ತೃವೇ ಒಪ್ಪಿಕೊಂಡ ಮೇಲೂ ನಮ್ಮ ಸಲಹೆಗಾರರು ಹೆಸರನ್ನೇ ಹಿಡಿದುಕೊಂಡಿದ್ದಾರೆ. ಟಿಪ್ಪಣಿಯ ತನಕ ಅವರು ಹೋಗಿಲ್ಲ ಎಂದೇ ನಾನು ತಿಳಿಯಬೇಕಾಗಿದೆ.

ಫಿಲ್ಟರ್‌ನ ಉತ್ತರ ಬಳಕೆಯಾಗುವುದು 'ಲಾಗಿನ್' ಎಂಬ ಫಂಕ್ಷನ್‌ನೊಳಗೆ. ಹೊರಗಿನಿಂದ ಬಂದವರು ಹೆಸರು, ಪಾಸ್‌ವರ್ಡ್ ಕೊಟ್ಟಾಗ ಈ ಫಂಕ್ಷನ್ ಎದ್ದು, ಫಿಲ್ಟರ್ 'ಇಲ್ಲ' ಎಂದಿದ್ದರೆ ಸೇವೆ ಲಭ್ಯವಿಲ್ಲ ಎಂದು ಹೇಳಿ ಕಳಿಸುತ್ತದೆ. ಇಷ್ಟರಮಟ್ಟಿಗೆ ಸಾಲು ಪ್ರಾಮಾಣಿಕವಾಗಿಯೇ ಕೆಲಸ ಮಾಡುತ್ತದೆ. ಪಾಸ್‌ವರ್ಡ್ ಊಹಿಸಲು ಬಂದವರು ಇಲ್ಲಿಂದ ಬರಿಗೈಯಲ್ಲಿ ಹೋಗಬೇಕು. ಆದರೆ ಪಿಂಗ್‌ಬ್ಯಾಕ್ ಹೆಸರು ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಅದು 'ಲಾಗಿನ್' ಫಂಕ್ಷನ್‌ನ ಹೊಸ್ತಿಲನ್ನು ತುಳಿಯುವುದೇ ಇಲ್ಲ. ಹೊಸ್ತಿಲಲ್ಲಿ ಕೂರಿಸಿದ ಕಾವಲುಗಾರನಿಗೆ ಕಿಟಕಿಯಿಂದ ಬಂದವರು ಕಾಣುವುದು ಹೇಗೆ?

ಪಿಂಗ್‌ಬ್ಯಾಕ್ ಮಾಡುವುದೇನು? 'ನಿಮ್ಮ ಈ ಲೇಖನವನ್ನು ನಾನು ನನ್ನ ಆ ಪುಟದಲ್ಲಿ ಉಲ್ಲೇಖಿಸಿದ್ದೇನೆ' ಎಂದು ಒಂದು ತಾಣ ಇನ್ನೊಂದಕ್ಕೆ ತಿಳಿಸುತ್ತದೆ. ಕೊಡಬೇಕಾದದ್ದು ಎರಡೇ ವಿಳಾಸ. ಸುದ್ದಿ ತಲುಪಿದ ತಾಣ ಅದು ನಿಜವೇ ಎಂದು ಪರೀಕ್ಷಿಸಲು ತಾನೇ ಹೋಗಿ ಆ ಪುಟವನ್ನು ತರುತ್ತದೆ. ಮೊದಲು ತನ್ನ ಲೇಖನಕ್ಕೆ ಪಿಂಗ್ ಸ್ವೀಕರಿಸುವ ಅನುಮತಿ ಇದೆಯೇ ಎಂದು ನೋಡುತ್ತದೆ. ಆಮೇಲೆ, ಕೇಳಿದರೆ ಅಚ್ಚರಿಯಾಗಬೇಕು, ಒಂದು ಸೆಕೆಂಡ್ ಸುಮ್ಮನೆ ಮಲಗುತ್ತದೆ, ಅತ್ತ ಕಡೆಯವರ ಪುಟ ಪ್ರಕಟವಾಗಲು ಸಮಯ ಸಿಗಲಿ ಎಂದು. ಆಮೇಲೆ ಪುಟ ತರಲು ಹೊರಡುತ್ತದೆ. ತರುವ ಗಾತ್ರಕ್ಕೆ 150 ಕಿಲೋಬೈಟ್‌ನ ಮಿತಿ ಇದೆ, ಕಾಯುವ ಹೊತ್ತಿಗೆ ಹತ್ತು ಸೆಕೆಂಡಿನ ಮಿತಿ ಇದೆ.

ಆ ಒಂದು ಸೆಕೆಂಡನ್ನು ನಾನು ಬಿಟ್ಟುಕೊಡಲಾರೆ. ನಮ್ಮ ಸಣ್ಣ ಪತ್ರಿಕೆಗಳು, ಬಳಗಗಳು, ಪ್ರಕಾಶನಗಳು ಕೊಳ್ಳುವುದು ಅಗ್ಗದ ಹಂಚಿಕೆಯ ಹೋಸ್ಟಿಂಗ್. ಅಲ್ಲಿ ಒಂದು ತಾಣಕ್ಕೆ ಏಕಕಾಲಕ್ಕೆ ದುಡಿಯುವ ಪಿಎಚ್‌ಪಿ ಕೆಲಸಗಾರರು ಬೆರಳೆಣಿಕೆಯಷ್ಟು. ಒಬ್ಬೊಬ್ಬ ಕೆಲಸಗಾರನೂ ಸುಳ್ಳು ಪಿಂಗ್‌ಬ್ಯಾಕ್‌ಗಾಗಿ ಒಂದು ಸೆಕೆಂಡ್ ಮಲಗಿ, ಪುಟಕ್ಕಾಗಿ ಮತ್ತಷ್ಟು ಸೆಕೆಂಡ್ ಕಾದರೆ, ಕಥೆ ಓದಲು ಬಂದ ಓದುಗನಿಗೆ ಬಾಗಿಲು ತೆರೆಯುವವರು ಯಾರೂ ಉಳಿಯುವುದಿಲ್ಲ. ನಾನು ನೋಡಿಕೊಳ್ಳುವ ಒಂದು ಸಣ್ಣ ಸಾಹಿತ್ಯ ಬಳಗದ ತಾಣ ಹೀಗೆಯೇ ಪದೇಪದೇ ಮಲಗುತ್ತಿತ್ತು. ಆ ಪ್ರಸಿದ್ಧ ಸಾಲನ್ನು ನಾನೇ ಅಂಟಿಸಿದ್ದೆ, ನಂಬಿಯೂ ಇದ್ದೆ. ಹೋಸ್ಟಿಂಗ್‌ನವರು ನಿಮ್ಮ ಬಳಕೆ ಮಿತಿಮೀರಿದೆ, ದೊಡ್ಡ ಪ್ಲಾನ್ ಕೊಳ್ಳಿ ಎಂದರು. ಲಾಗ್ ತೆರೆದು ನೋಡಿದರೆ ಪುಟದ ಮೇಲೆ ಪುಟ ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ ಎಂಬ ಒಂದೇ ಕಡತಕ್ಕೆ ಬಂದ ಪೋಸ್ಟ್ ಮನವಿಗಳು. ದೊಡ್ಡ ಪ್ಲಾನ್ ಕೊಂಡಿದ್ದರೆ ದಾಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಂತಾಗುತ್ತಿತ್ತು, ಅಷ್ಟೇ.

ಕೆಡುಕು ನಮ್ಮ ಮನೆಯೊಳಗೇ ನಿಲ್ಲುವುದೂ ಇಲ್ಲ. ಎರಡು ವಿಳಾಸಗಳಲ್ಲಿ ಮೊದಲನೆಯದು ಯಾರದ್ದೆಂದು ಯಾರೂ ಕೇಳುವುದಿಲ್ಲ. ದಾಳಿಕೋರ ಅಲ್ಲಿ ತನಗೆ ಆಗದವನ ವಿಳಾಸ ಬರೆದರೆ ನಮ್ಮ ತಾಣ ಹೋಗಿ ಅವನ ಬಾಗಿಲು ಬಡಿಯುತ್ತದೆ. 2014ರ ಮಾರ್ಚ್‌ನಲ್ಲಿ ಸುಕುರಿ ಎಂಬ ಭದ್ರತಾ ಸಂಸ್ಥೆ ಬಯಲು ಮಾಡಿದ ದಾಳಿಯಲ್ಲಿ 1,62,000ಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಾಣಗಳು ಹೀಗೆ ಒಂದೇ ತಾಣದ ಮೇಲೆ ಎರಗಿದ್ದವು. ವಿಳಾಸದ ಬಾಲಕ್ಕೆ ಪ್ರತಿಸಲವೂ ಬೇರೆಬೇರೆ ಅಂಕಿ ಅಂಟಿಸಿದ್ದರಿಂದ ಕ್ಯಾಶ್ ಕೂಡ ಅದನ್ನು ಕಾಪಾಡಲಿಲ್ಲ. ಆ ತಾಣಗಳು ಹ್ಯಾಕ್ ಆಗಿರಲಿಲ್ಲ. ಅವು ತಮಗೆ ಕಲಿಸಿದ್ದನ್ನೇ ಮಾಡಿದ್ದವು. ಪ್ರಸಿದ್ಧ ಸಾಲು ಅವುಗಳಲ್ಲಿ ಎಷ್ಟರಲ್ಲಿ ಇದ್ದಿದ್ದರೂ ಒಂದೂ ತಪ್ಪುತ್ತಿರಲಿಲ್ಲ. ಮರುತಿಂಗಳು ಬಂದ 3.8.2, ಪಿಂಗ್‌ಬ್ಯಾಕ್ ಯಾರ ಕಡೆಯಿಂದ ಬಂತೆಂಬ ಗುರುತನ್ನು ಮನವಿಯೊಂದಿಗೆ ಕಳಿಸುವ ವ್ಯವಸ್ಥೆ ಮಾಡಿತು. ಅದು ಪತ್ತೆಗೆ ಒದಗುವ ಸಾಕ್ಷಿ. ಏಟು ಮಾತ್ರ ಬಿದ್ದೇ ಬೀಳುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಪಿಂಗ್‌ಬ್ಯಾಕ್ ಗುರುತನ್ನು ತೆಗೆದುಹಾಕಿದರೆ ಸಾಲದೇ ಎಂದು ಕೆಲವರು ವಾದಿಸುತ್ತಾರೆ. ಆ ಗುರುತಿನ ಪಕ್ಕದಲ್ಲಿರುವ ಪದಗಳನ್ನು ಅವರು ಮತ್ತೊಮ್ಮೆ ಓದಬೇಕು: ಅದು ಹೊಸ ಲೇಖನಗಳಿಗೆ ಮಾತ್ರ. ಹತ್ತು ವರ್ಷದ ಹಳೆಯ ಸಂಚಿಕೆಗಳೆಲ್ಲ ತೆರೆದೇ ಇರುತ್ತವೆ, ಒಂದೊಂದನ್ನೂ ಆರಿಸಿ ಮುಚ್ಚುವ ತನಕ.

ಇನ್ನೊಂದು ಪಂಥದವರ ಜೊತೆ ನನಗೆ ಹೆಚ್ಚಿನ ಜಗಳವಿದೆ. 4.4 ಬಂದ ಮೇಲೆ ಈ ಕಡತದ ಬಗ್ಗೆ ಮಾತಾಡುವುದೇ ಹಳೆಯ ಭಯ ಎನ್ನುವವರು ಅವರು. 2015ರ ಅಕ್ಟೋಬರ್‌ನಲ್ಲಿ ಸುಕುರಿಯೇ ತೋರಿಸಿಕೊಟ್ಟ ತಂತ್ರ ಅವರ ವಾದದ ಹಿನ್ನೆಲೆ. 'ಸಿಸ್ಟಂ ಮಲ್ಟಿಕಾಲ್' ಎಂಬ ವಿಧಾನದಲ್ಲಿ ಒಂದೇ ಮನವಿಯೊಳಗೆ ನೂರಾರು ಪಾಸ್‌ವರ್ಡ್‌ಗಳನ್ನು ಕಟ್ಟಿ ಕಳಿಸಬಹುದಿತ್ತು. ಮನವಿಗಳನ್ನು ಎಣಿಸುವ ಕಾವಲು ಒಂದು ಎಂದು ಎಣಿಸುತ್ತಿತ್ತು, ಒಳಗೆ ನೂರಾರು ಕೀಲಿಗಳನ್ನು ಪ್ರಯತ್ನಿಸಿ ಆಗಿರುತ್ತಿತ್ತು. ಡಿಸೆಂಬರ್‌ನಲ್ಲಿ ಬಂದ 4.4, ಮೊದಲ ಕೀಲಿ ತಪ್ಪಿದರೆ ಆ ಕಟ್ಟಿನಲ್ಲಿ ಉಳಿದವನ್ನು ನೋಡದೆಯೇ ಎಸೆಯತೊಡಗಿತು. ಒಳ್ಳೆಯ ತಿದ್ದುಪಡಿ, ಒಪ್ಪುತ್ತೇನೆ. ಆದರೆ ಒಂದು ಮನವಿಗೆ ಒಂದು ಕೀಲಿ ಎಂಬ ದಾರಿ ಹಾಗೇ ಉಳಿಯಿತು. ನಾವು ಮುಂಬಾಗಿಲ ಲಾಗಿನ್ ಪುಟಕ್ಕೆ ಕ್ಯಾಪ್ಚಾ ಹಾಕುತ್ತೇವೆ, ಫೋನಿಗೆ ಬರುವ ಎರಡನೆಯ ಗುರುತನ್ನು ಸೇರಿಸುತ್ತೇವೆ, ಪುಟದ ವಿಳಾಸವನ್ನೇ ಬದಲಿಸುತ್ತೇವೆ. ಹಿತ್ತಿಲಲ್ಲಿ ಕ್ಯಾಪ್ಚಾ ಚಿತ್ರ ತೋರಿಸಲು ಪರದೆಯೇ ಇಲ್ಲ. ಮುಂಬಾಗಿಲ ಫಾರಂ ಒಂದನ್ನೇ ಕಾಯುವ ಪ್ಲಗಿನ್ ಹಿಂದೆ ತಿರುಗಿ ನೋಡುವುದಿಲ್ಲ. ಹಾಗಿರುವಾಗ ಭಯ ಹಳತಾಯಿತು ಎನ್ನುವುದು ಬೇಜವಾಬ್ದಾರಿ.

ಇವರ ಎದುರು ಪಂಥದವರು ಹಳೆಯದೆಲ್ಲ ಅಪಾಯ, ಹೊಸ ರೆಸ್ಟ್ ಎಪಿಐ ಬಂದಿದೆ, ಅದು ಕ್ಷೇಮ ಎನ್ನುತ್ತಾರೆ. ನನ್ನ ಮಾತು ಇವರ ವಾದಕ್ಕೆ ಬೆಂಬಲವಾಗಬಾರದು. 2016ರ ಡಿಸೆಂಬರ್‌ನಲ್ಲಿ 4.7ರೊಂದಿಗೆ ಪೂರ್ತಿಯಾಗಿ ಬಂದ ಆ ಹೊಸ ಬಾಗಿಲಲ್ಲಿ, ಲೇಖನದ ಸಂಖ್ಯೆಯ ಪಕ್ಕ ಒಂದೆರಡು ಅಕ್ಷರ ಸೇರಿಸಿದರೆ ಅನುಮತಿಯ ಪರೀಕ್ಷೆ ತಪ್ಪಿಹೋಗುತ್ತಿತ್ತು, ತಿದ್ದುವ ಕೆಲಸ ಮಾತ್ರ ನಡೆಯುತ್ತಿತ್ತು. 2017ರ ಜನವರಿ 26ರಂದು 4.7.2 ಅದನ್ನು ಸರಿಪಡಿಸಿತು. ಲೋಪದ ವಿವರ ಹೊರಬಿದ್ದದ್ದು ಫೆಬ್ರವರಿ 1ರಂದು. ಅಷ್ಟರೊಳಗೆ ನವೀಕರಿಸದವರ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು ಮುಂದಿನ ದಿನಗಳಲ್ಲಿ ಕಿಡಿಗೇಡಿಗಳು ತಿದ್ದಿ ಹಾಳುಮಾಡಿದರು. ಹಾಗಾಗಿ ವಯಸ್ಸಿನ ಮೇಲೆ ನನಗೆ ಆಕ್ಷೇಪವಿಲ್ಲ. ಯಾರೂ ಬಳಸದೆ, ಯಾರೂ ನೋಡದೆ ತೆರೆದಿರುವ ಬಾಗಿಲಿನ ಮೇಲೆ ಆಕ್ಷೇಪ. ಎಕ್ಸ್‌ಎಂಎಲ್‌ಆರ್‌ಪಿಸಿಯ ವಿಧಾನಗಳ ನಡುವೆ ಎರಡು ಸಂಖ್ಯೆಗಳನ್ನು ಕೂಡಿಸಿ ತೋರಿಸುವ ಮಾದರಿ ವಿಧಾನವೊಂದು ಇಂದಿಗೂ ಇದೆ. ಕಲಿಯುವವರಿಗಾಗಿ ಇಟ್ಟದ್ದು ಲಕ್ಷಾಂತರ ತಾಣಗಳಲ್ಲಿ ಇನ್ನೂ ಉಸಿರಾಡುತ್ತಿದೆ ಎಂದರೆ ಹಿತ್ತಿಲನ್ನು ಗುಡಿಸಿದವರಿಲ್ಲ ಎಂದೇ ಅರ್ಥ.

ಕಡತವನ್ನೇ ಅಳಿಸಿಬಿಡಿ ಎನ್ನುವ ಮೂರನೆಯವರಿಗೆ ಹೆಚ್ಚು ಮಾತು ಬೇಡ. ಮುಂದಿನ ನವೀಕರಣದಲ್ಲಿ ಅದು ಮತ್ತೆ ಬಂದು ಕೂರುತ್ತದೆ.

ಪಿಂಗ್‌ಬ್ಯಾಕನ್ನು ವಿಧಾನಗಳ ಪಟ್ಟಿಯಿಂದ ಕಿತ್ತುಹಾಕುವ ಬೇರೊಂದು ಫಿಲ್ಟರ್ ಇದೆ. ಜಾಣರು ಅದನ್ನು ಬಳಸುತ್ತಾರೆ, ಆ ಕೆಲಸಕ್ಕೆ ಅದು ಒದಗುತ್ತದೆ. ಆದರೆ ಅದೇ ಫಿಲ್ಟರ್‌ನಿಂದ ಮಲ್ಟಿಕಾಲನ್ನು ಕಿತ್ತರೆ ಅದು ಮರಳಿ ಹುಟ್ಟುತ್ತದೆ. ಫಿಲ್ಟರ್ ತನ್ನ ಕೆಲಸ ಮುಗಿಸಿದ ಮೇಲೆ ಒಳಗಿನ ಗ್ರಂಥಾಲಯ ಅದನ್ನು ತಾನೇ ಮತ್ತೆ ಸೇರಿಸುತ್ತದೆ. ಇದಕ್ಕಿಂತ ಮೂಲಭೂತವಾದ ಕೊರತೆ ಈ ಎಲ್ಲ ಫಿಲ್ಟರ್‌ಗಳಿಗೂ ಒಂದೇ: ಅವು ಮಾತಾಡುವ ಹೊತ್ತಿಗೆ ವರ್ಡ್‌ಪ್ರೆಸ್ ಪೂರ್ತಿ ಎದ್ದು ಕೂತಿರುತ್ತದೆ. ಡೇಟಾಬೇಸ್ ತೆರೆದು, ಪ್ಲಗಿನ್‌ಗಳನ್ನೆಲ್ಲ ಕರೆದು, ಥೀಮನ್ನು ಓದಿ, ಆಮೇಲೆ 'ಇಲ್ಲ' ಎನ್ನುತ್ತದೆ. ದಾಳಿಕೋರನನ್ನು ನಡುಮನೆಗೆ ಕರೆದು ಕೂರಿಸಿ, ಒಲೆ ಹಚ್ಚಿ, ಆಮೇಲೆ ಹೊರಗೆ ಹೋಗು ಎಂದಂತೆ.

ತಡೆಯಬೇಕಾದದ್ದು ಅಂಗಳದ ಗೇಟಿನಲ್ಲಿ, ಅಂದರೆ ವೆಬ್ ಸರ್ವರ್‌ನಲ್ಲಿ. ಅಪಾಚೆಯಾದರೆ ಡಾಟ್ ಎಚ್‌ಟಿಆ್ಯಕ್ಸೆಸ್ ಕಡತದಲ್ಲಿ ಈ ಒಂದು ಕಡತದ ಹೆಸರು ಹೇಳಿ ಎಲ್ಲರಿಗೂ ನಿರಾಕರಿಸುವ ಮೂರು ಸಾಲು, ಎಂಜಿನ್‌ಎಕ್ಸ್ ಆದರೆ ಅದರ ಸಂರಚನೆಯಲ್ಲಿ ಅಷ್ಟೇ ಚಿಕ್ಕ ಆಜ್ಞೆ. ಆಗ ಪಿಎಚ್‌ಪಿ ಏಳುವುದೇ ಇಲ್ಲ. ಆ ಮೂರು ಸಾಲನ್ನು ವರ್ಡ್‌ಪ್ರೆಸ್ ತನ್ನದೆಂದು ಗುರುತು ಹಾಕಿಕೊಂಡ ಭಾಗದ ಹೊರಗೆ ಬರೆಯಬೇಕು, ಒಳಗೆ ಬರೆದರೆ ಅದು ತನ್ನ ಭಾಗವನ್ನು ತಿರುಗಿ ಬರೆಯುವಾಗ ಅಳಿಸಿಹೋಗುತ್ತದೆ. ಜೆಟ್‌ಪ್ಯಾಕ್ ಬಳಸುವವರು ಪೂರ್ತಿ ಮುಚ್ಚಬಾರದು. ಅದು ಇದೇ ಬಾಗಿಲಿನಿಂದ ಮಾತಾಡುತ್ತದೆ. ಅದನ್ನು ನಡೆಸುವ ಆಟೋಮ್ಯಾಟಿಕ್ ಸಂಸ್ಥೆ ಪ್ರಕಟಿಸಿರುವ ತನ್ನ ಸರ್ವರ್ ವಿಳಾಸಗಳಿಗಷ್ಟೇ ದಾರಿ ಬಿಟ್ಟು ಉಳಿದವರನ್ನು ತಡೆಯಬೇಕು. ಬೇರೆ ಆ್ಯಪ್‌ಗಳಿಂದ ಬರೆಯುವವರಿಗೆ 2020ರ ಡಿಸೆಂಬರ್‌ನ 5.6ರಿಂದ ಆ್ಯಪ್‌ಗೊಂದು ಪ್ರತ್ಯೇಕ ಪಾಸ್‌ವರ್ಡ್ ಕೊಡುವ ಸೌಕರ್ಯ ಬಂದಿದೆ, ರೆಸ್ಟ್ ಎಪಿಐ ಬಳಸಬಲ್ಲ ಆ್ಯಪ್‌ಗಳಿಗೆ ಅದು ಸಾಕಾಗುತ್ತದೆ.

ಬಳಗದ ತಾಣದಲ್ಲಿ ನಾನು ಇದನ್ನೇ ಮಾಡಿದೆ. ಮನವಿಗಳು ನಿಲ್ಲಲಿಲ್ಲ, ಇಂದಿಗೂ ಲಾಗ್‌ನಲ್ಲಿ ಬರುತ್ತಲೇ ಇವೆ. ತಾಣ ಮಲಗುವುದು ನಿಂತಿತು.

ತಾಣ ನಡೆಸುವವರಲ್ಲಿ ಒಂದು ಕೋರಿಕೆ. ನಿಮ್ಮ ವಿಳಾಸದ ಮುಂದೆ ಓರೆಗೆರೆ ಹಾಕಿ ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ ಎಂದು ಸೇರಿಸಿ ಬ್ರೌಸರ್‌ನಲ್ಲಿ ತೆರೆದು ನೋಡಿ. ಪೋಸ್ಟ್ ಮನವಿಗಳನ್ನು ಮಾತ್ರ ಸ್ವೀಕರಿಸುತ್ತೇನೆ ಎಂಬ ಇಂಗ್ಲಿಷ್ ವಾಕ್ಯ ಕಂಡರೆ ಕಡತ ಎಚ್ಚರವಾಗಿದೆ. ಪ್ರಸಿದ್ಧ ಸಾಲನ್ನು ಅಂಟಿಸಿ ಮತ್ತೆ ತೆರೆಯಿರಿ, ಅದೇ ವಾಕ್ಯ ಕಾಣುತ್ತದೆ. ಸರ್ವರ್‌ನಲ್ಲಿ ತಡೆದು ತೆರೆಯಿರಿ, 403 ಎಂಬ ನಿರಾಕರಣೆ ಕಾಣುತ್ತದೆ.