ಅರ್ಜಿಗೂ ಮುಂಚಿನ ಬಾಗಿಲು

ಅಮೆರಿಕದಲ್ಲಿ ಚಾರ್ಟರ್ ಶಾಲೆಗಳು ಅಂತ ಇವೆ. ದುಡ್ಡು ಸರ್ಕಾರದ್ದು, ನಡೆಸೋದು ಬೇರೆಯವರು, ಫೀಸಿಲ್ಲ, ಅರ್ಜಿ ಜಾಸ್ತಿ ಬಂದರೆ ಲಾಟರಿ. ಆದರೆ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2012ರಲ್ಲಿ ಕೊಟ್ಟ ವರದಿ ನೋಡಿ: 2009-10ರಲ್ಲಿ ಮಾಮೂಲಿ ಸರ್ಕಾರಿ ಶಾಲೆಗಳಲ್ಲಿ ಅಂಗವಿಕಲ ಮಕ್ಕಳು ಶೇ. 11.2, ಚಾರ್ಟರ್ ಶಾಲೆಗಳಲ್ಲಿ ಶೇ. 8.2.

ಯಾಕೆ ಕಮ್ಮಿ? ನ್ಯೂಯಾರ್ಕ್ ನಗರದ ಶಾಲೆಗಳ ಬಗ್ಗೆ ಮಾರ್ಕಸ್ ವಿಂಟರ್ಸ್ 2013ರಲ್ಲಿ ಕೊಟ್ಟ ದೊಡ್ಡ ಕಾರಣ, ಇಂಥ ಮಕ್ಕಳ ಮನೆಯವರು ಅರ್ಜಿ ಹಾಕೋದೇ ಕಮ್ಮಿ ಅನ್ನೋದು. ಇದನ್ನು ಓದಿ ‘ಹಾಗಾದರೆ ಶಾಲೆಯದ್ದೇನು ತಪ್ಪು?’ ಅಂದುಬಿಡೋದು ಸುಲಭ. ನನ್ನ ತಕರಾರು ಇಲ್ಲೇ. ಸರ್ವರ್‌ಗೆ ತಲುಪದ ರಿಕ್ವೆಸ್ಟ್ ಲಾಗ್‌ನಲ್ಲಿ ಕಾಣೋಲ್ಲ. ಲಾಗ್‌ನಲ್ಲಿ ಎರರ್ ಇಲ್ಲ ಅಂದ ಮಾತ್ರಕ್ಕೆ ಸಿಸ್ಟಮ್ ಸರಿಯಿದೆ ಅನ್ನೋಕಾಗುತ್ತಾ?

ಪೀಟರ್ ಬರ್ಗ್‌ಮನ್ ಮತ್ತು ಐಸಾಕ್ ಮೆಕ್‌ಫಾರ್ಲಿನ್ ಅರ್ಜಿಗೂ ಮುಂಚಿನ ಹಂತವನ್ನೇ ಪರೀಕ್ಷಿಸಿದರು. ಕಾಲ್ಪನಿಕ ಪೋಷಕರ ಹೆಸರಲ್ಲಿ 6,452 ಶಾಲೆಗಳಿಗೆ ‘ಅರ್ಜಿ ಹೇಗೆ ಹಾಕೋದು?’ ಅಂತ ಮೇಲ್ ಕಳಿಸಿದರು. ಮಗುವಿಗೆ ಹೆಚ್ಚಿನ ನೆರವು ಬೇಕು ಅನ್ನೋ ಸುಳಿವಿದ್ದ ಮೇಲ್‌ಗಳಿಗೆ ಉತ್ತರ ಕಮ್ಮಿ ಬಂತು. ಆ ಕೊರತೆ ಮುಖ್ಯವಾಗಿ ಚಾರ್ಟರ್ ಶಾಲೆಗಳದ್ದು.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗೆ ಈ ಪ್ರಯೋಗವನ್ನ ಹಾಗೇ ತರೋಕಾಗಲ್ಲ. ನಮ್ಮ ಹಳ್ಳಿ ಕಡೆಯವರು ಮೇಲ್ ಕಳಿಸಲ್ಲ, ಬಸ್ ಹತ್ತಿ ಹೋಗಿ ಕೇಳ್ತಾರೆ. ‘ನಮ್ಮಲ್ಲಿ ಫೆಸಿಲಿಟಿ ಇಲ್ಲ, ಬೇರೆ ಕಡೆ ನೋಡಿ’ ಅಂದರೆ ಅದು ಬಾಯಿಮಾತಲ್ಲೇ ಮುಗಿಯುತ್ತೆ. ಯಾವ ಲೆಕ್ಕಕ್ಕೂ ಬರೋಲ್ಲ.

ಕಾನೂನು ಇಲ್ಲ ಅಂತಲ್ಲ. ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಮಾಡಬಾರದು ಅನ್ನುತ್ತೆ ಆರ್‌ಟಿಇ 13ನೇ ಸೆಕ್ಷನ್. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನೂ ಖಾಸಗಿ ಶಾಲೆಯ ಶೇ. 25 ಸೀಟಿನ ವ್ಯಾಪ್ತಿಗೆ ತಂತು. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟಿಲ್ಲ ಅಂತ 2019ರಲ್ಲಿ ಕರ್ನಾಟಕ ನಿಯಮ ಬದಲಿಸಿತು. ಶಾಲೆ ಎಷ್ಟು ಹತ್ತಿರ ಅಂತ ನೋಡಿದರು, ಕಿವಿ ಕೇಳದ ಮಗುವಿಗೆ ಪಾಠ ಹೇಳೋಕೆ ಬರೋ ಮೇಷ್ಟ್ರು ಅಲ್ಲಿದ್ದಾರಾ ಅಂತ ನೋಡಲಿಲ್ಲ.

ಇಷ್ಟಾದರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಮಾನ್ಯತೆ ಪಡೆದ ಶಾಲೆಗಳೂ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಅನ್ನೋದು ಅದರ 16ನೇ ಸೆಕ್ಷನ್‌ನ ಆಶಯ.

ಹಾಗಾಗಿ ನಾನು ಕೇಳೋದು ಇಷ್ಟೇ. ಬಿಇಒ ಕಚೇರಿಗಳು ಎಷ್ಟು ಮಕ್ಕಳು ದಾಖಲಾದರು ಅಂತ ಮಾತ್ರವಲ್ಲ, ಎಷ್ಟು ಮಂದಿ ಬಂದು ಕೇಳಿದರು ಅಂತಾನೂ ಶಾಲೆಗಳಿಂದ ಬರೆಸಿಕೊಳ್ಳಲಿ. ಆಗಲ್ಲ ಅನ್ನೋ ಶಾಲೆ ಆ ಮಾತನ್ನ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿ ಕೊಡಲಿ. ಕೈಯಲ್ಲಿ ಕಾಗದ ಇದ್ದರೆ ಅಪ್ಪ-ಅಮ್ಮ ಅದನ್ನ ಹಿಡಿದು ಮುಂದೆ ದೂರಾದರೂ ಕೊಡಬಹುದು.